ಖಾಲಿ ಮರ್ಫಿಗೆ ಹೊಸ ಕಂಠ

ಬದುಕಿರುವ ವಾಲ್ವ್ ರೇಡಿಯೊದ ಹೊಟ್ಟೆ ಬಗೆದು ಬ್ಲೂಟೂತ್ ತುರುಕುವವರನ್ನು ಕಂಡರೆ ನನಗಾಗುವುದಿಲ್ಲ. ಈಚೆಗೆ ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ, ಮಲೆನಾಡಿನ ಹೋಂಸ್ಟೇಗಳ ಹಜಾರಗಳಲ್ಲಿ ಇಂಥ ಪೆಟ್ಟಿಗೆಗಳು ಹೆಚ್ಚುತ್ತಿವೆ. ಹೊರಗೆ ಐವತ್ತರ ದಶಕದ ಮರದ ಮೈ, ಒಳಗೆ ಕಾರಿನ ಬಾಗಿಲಿಂದ ಕಿತ್ತ ಸ್ಪೀಕರು, ಡಯಲ್ ಗಾಜಿನ ಹಿಂದೆ ಕಣ್ಣು ಕುಕ್ಕುವ ನೀಲಿ ಎಲ್‌ಇಡಿ. ಕೇಳಿದರೆ ‘ರೆಸ್ಟೋರ್ ಮಾಡ್ಸಿದ್ದು ಸಾರ್’ ಎಂಬ ಉತ್ತರ.

ಹಾಗೆಂದು ನಾನು ಅಷ್ಟು ಮಡಿವಂತನೂ ಅಲ್ಲ. ಷಾಸಿಯೇ, ಅಂದರೆ ವಾಲ್ವು, ಟ್ರಾನ್ಸ್‌ಫಾರ್ಮರು ಕೂರಿಸಿದ ಒಳಗಿನ ತಗಡಿನ ಚೌಕಟ್ಟೇ, ಇಲ್ಲದ ಪೆಟ್ಟಿಗೆಗಳಿವೆಯಲ್ಲ, ಅವುಗಳ ಮಾತು ಬೇರೆ. ಗುಜರಿಯವರು ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೂ ಷಾಸಿಯ ತಗಡಿಗೂ ಆಸೆಬಿದ್ದು ಒಳಗಿನದನ್ನೆಲ್ಲ ಬಿಚ್ಚಿ, ತೂಕಕ್ಕೆ ಬಾರದ ಮರದ ಗೂಡನ್ನು ಮಾತ್ರ ಉಳಿಸಿರುತ್ತಾರೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ಅಂಥವು ಈಗಲೂ ಕಣ್ಣಿಗೆ ಬೀಳುವುದುಂಟು. ನನ್ನ ಮೇಜಿನ ಮೇಲಿರುವ ಮರ್ಫಿ ರೇಡಿಯೊದ ಗೂಡು ಅಲ್ಲಿಂದಲೇ ಬಂದದ್ದು. ಅನಾಥ ಗೂಡಿಗೆ ಹೊಸ ಕಂಠ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ವೀಣೆಗೆ ಕೊಡ ಹೇಗೋ ರೇಡಿಯೊಗೆ ಪೆಟ್ಟಿಗೆ ಹಾಗೆ. ಒಳಗೆ ಏನೇ ಕೂರಿಸಿದರೂ ಆ ಮರ ದನಿಗೂಡಿಸುವಂತೆ ಕೂರಿಸಬೇಕು. ನಾಳೆ ಯಾರಾದರೂ ಹಳೆಯ ಷಾಸಿ ಹುಡುಕಿ ತಂದರೆ, ಒಂದು ಹೊಸ ತೂತೂ ಕಾಣದಂತೆ ಎಲ್ಲವನ್ನೂ ಹಿಂದಿನ ಸ್ಥಿತಿಗೆ ತರಲು ಆಗಬೇಕು. ಈ ಎರಡು ಷರತ್ತಿಗೆ ಒಪ್ಪದವರು ಹೊಸ ಬ್ಲೂಟೂತ್ ಡಬ್ಬ ಕೊಂಡುಕೊಳ್ಳುವುದು ವಾಸಿ.

ಷಾಸಿ ಇರುವ ಸೆಟ್ಟು ಕೈಗೆ ಬಂದರೆ ಮೊದಲು ಅದು ನಿಜಕ್ಕೂ ಸತ್ತಿದೆಯೇ ನೋಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಐಎಫ್ ಕಾಯಿಲುಗಳು, ಟ್ಯೂನಿಂಗ್ ಗ್ಯಾಂಗು, ಸ್ಪೀಕರಿನ ಕಾಗದ ಸುರಕ್ಷಿತವಾಗಿದ್ದರೆ ಅದನ್ನು ಎಬ್ಬಿಸಬಹುದು. ಹಳೆಯ ಮೇಣದ ಕಾಗದದ ಕಂಡೆನ್ಸರುಗಳು ನಮ್ಮ ಮಳೆಗಾಲದ ತೇವ ಕುಡಿದು ಸೋರತೊಡಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ ಹೋಗುವ ಒಂದೇ ಒಂದು ಕಂಡೆನ್ಸರು. ಅದು ಸೋರಿದರೆ ವಾಲ್ವು ಮಿತಿಮೀರಿ ಕರೆಂಟು ಎಳೆದು ತಾನೂ ಹಾಳಾಗುತ್ತದೆ, ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಬದಲಿಗೆ ಹಾಕುವ ಪಾಲಿಯೆಸ್ಟರ್ ಕಂಡೆನ್ಸರಿಗೆ ಒಂದು ಕಾಫಿಯ ಬೆಲೆಯೂ ಇಲ್ಲ. ವಾಲ್ವು ಸಿಗುವುದಿಲ್ಲ ಎಂಬುದು ಇನ್ನೊಂದು ಸಬೂಬು. ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿ ಶುರುಮಾಡಿತು. ಅದರ ಇಎಲ್ 84, ಇಸಿಎಚ್ 81ಗಳು ಹಳೇ ಅಂಗಡಿಗಳ ಕಪಾಟಿನಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚದೆ ಕುಳಿತಿರುವುದನ್ನು ನಾನೇ ನೋಡಿದ್ದೇನೆ.

ಕೈ ಹಾಕುವ ಮುನ್ನ ಇನ್ನೊಂದು ಎಚ್ಚರ. ಅಂದಿನ ಹಲವು ಸೆಟ್ಟುಗಳು ಎಸಿ/ಡಿಸಿ ಮಾದರಿಯವು. ಕಲ್ಕತ್ತೆಯಂಥ ಊರುಗಳಲ್ಲಿ ಡಿಸಿ ಕರೆಂಟೂ ಇದ್ದ ಕಾಲಕ್ಕೆ ಮಾಡಿದವು. ಅವುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಷಾಸಿಗೇ ಸೇರಿರುತ್ತದೆ. ಪ್ಲಗ್ಗು ತಿರುವುಮುರುವಾಗಿ ಹಾಕಿದರೆ ಇಡೀ ಷಾಸಿಗೆ 230 ವೋಲ್ಟ್. ವಾಲ್ವುಗಳ ಹೆಸರು ‘ಯು’ ಅಕ್ಷರದಿಂದ ಶುರುವಾದರೆ, ಯುಎಲ್ 41, ಯುಸಿಎಲ್ 82 ಇತ್ಯಾದಿ, ಅದು ಇದೇ ಜಾತಿ. ಅಂಥ ಸೆಟ್ಟಿಗೆ ಫೋನಿನಿಂದ ವೈರು ಎಳೆದು ಹಾಡು ಕೇಳುವ ಸಾಹಸ ಬೇಡ. ಕರೆಂಟಿಲ್ಲದ ಹಳ್ಳಿಗಳಿಗೆಂದು ಮಾಡಿದ ಬ್ಯಾಟರಿ ಸೆಟ್ಟುಗಳದು ಬೇರೆಯೇ ಕಥೆ. ಅವಕ್ಕೆ 90 ವೋಲ್ಟಿನ ದೊಡ್ಡ ಪ್ಯಾಕು ಬೇಕಿತ್ತು, ಅದು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ಮರ್ಫಿಯ ಮರಗೆಲಸಕ್ಕೊಂದು ವಂಶಾವಳಿಯಿದೆ. ಫ್ರಾಂಕ್ ಮರ್ಫಿ ಮತ್ತು ಇ.ಜೆ. ಪವರ್ ಸೇರಿ 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಕಂಪನಿ ತೆರೆದರು. ಮೂವತ್ತರ ದಶಕದಲ್ಲಿ ಅವರ ಪೆಟ್ಟಿಗೆಗಳಿಗೆ ರೂಪ ಕೊಟ್ಟವರು ಆರ್.ಡಿ. ರಸೆಲ್. ಹೆಸರಾಂತ ಪೀಠೋಪಕರಣ ತಯಾರಕ ಗಾರ್ಡನ್ ರಸೆಲ್ ಅವರ ತಮ್ಮ. ಗೋಪುರ ಕಮಾನುಗಳ ಅಲಂಕಾರವನ್ನೆಲ್ಲ ಬಿಟ್ಟು ಮರದ ರೇಖೆ ಮತ್ತು ಅಳತೆಯ ಚೆಲುವನ್ನೇ ನಂಬಿದ ವಿನ್ಯಾಸ ಅದು. ನಮ್ಮಲ್ಲಿ ಮರ್ಫಿ ಎಂದರೆ ತುಟಿಗೆ ಬೆರಳಿಟ್ಟ ಕ್ಯಾಲೆಂಡರ್ ಮಗು ನೆನಪಾಗುತ್ತದೆ. ಠಾಣೆಯಲ್ಲಿ ತಯಾರಾದ ಇಲ್ಲಿನ ಪೆಟ್ಟಿಗೆಗಳಲ್ಲೂ ಆ ಹಿತಮಿತದ ಗುಣ ಸ್ವಲ್ಪ ಉಳಿದಿದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ದನಿಯ ವಿಚಾರ. ರೇಡಿಯೊ ಪೆಟ್ಟಿಗೆಯ ಬೆನ್ನು ತೆರೆದಿರುತ್ತದೆ, ಇಲ್ಲವೆ ತೂತು ತೂತಿನ ರಟ್ಟು ಇರುತ್ತದೆ. ಸ್ಪೀಕರಿನ ಕಾಗದ ಮುಂದಕ್ಕೆ ತಳ್ಳಿದಾಗ ಹಿಂದಿನ ಗಾಳಿ ತೆಳುವಾಗುತ್ತದೆ. ಮುಂದಿನ ಅಲೆ ಪೆಟ್ಟಿಗೆಯ ಅಂಚು ಬಳಸಿ ಹಿಂದಕ್ಕೆ ಹೋಗಿ ಅದನ್ನು ಸರಿಗಟ್ಟಿಬಿಟ್ಟರೆ ಮಂದ್ರ ಕೇಳಿಸುವುದಿಲ್ಲ. ಅರ್ಧ ಮೀಟರ್ ಅಗಲ, ಕಾಲು ಮೀಟರ್ ಆಳದ ಪೆಟ್ಟಿಗೆಯ ನಡುವೆ ಸ್ಪೀಕರು ಕೂತಿದ್ದರೆ ಈ ಸುತ್ತುದಾರಿ ಸುಮಾರು ಅರ್ಧ ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ, ಅರ್ಧ ಅಲೆ ಈ ದಾರಿಗೆ ಸಮನಾಗುವುದು 340 ಹರ್ಟ್ಜ್ ಹತ್ತಿರ. ಅಲ್ಲಿಂದ ಕೆಳಗೆ ಒಂದೊಂದು ಸ್ಥಾಯಿ ಇಳಿದ ಹಾಗೆ ದನಿ 6 ಡೆಸಿಬೆಲ್ ಇಳಿಯುತ್ತ ಹೋಗುತ್ತದೆ.

ಅಂದಿನ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಹಗುರ ಕಾಗದದ, ಸಣ್ಣ ಅಯಸ್ಕಾಂತದ, ತನ್ನ ಸಹಜ ಕಂಪನದ ಹತ್ತಿರ ಕೊಂಚ ಸಡಿಲವಾಗಿ ಆಡುವ ಸ್ಪೀಕರು ಹಾಕಿದರು. ಪೆಟ್ಟಿಗೆಯಿಂದ ಕಳೆದುಹೋಗುವ ಮಂದ್ರವನ್ನು ಆ ಸಡಿಲ ಒಂದಿಷ್ಟು ತುಂಬಿಕೊಡುತ್ತಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಸ್ಪೀಕರು-ಪೆಟ್ಟಿಗೆಯ ಲೆಕ್ಕಾಚಾರವನ್ನು ಎಪ್ಪತ್ತರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದರು. ಆ ಭಾಷೆಯಲ್ಲಿ ಈ ಸಡಿಲಕ್ಕೆ ಕ್ಯೂಟಿಎಸ್ ಎಂಬ ಅಂಕಿಯಿದೆ. ತೆರೆದ ಬೆನ್ನಿಗೆ 0.7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಮುಚ್ಚಿದ ಡಬ್ಬಕ್ಕೆಂದೇ ಮಾಡಿದ ಇಂದಿನ ಬಿಗಿ ವೂಫರಿನದು ಸಾಮಾನ್ಯವಾಗಿ 0.4ರ ಆಸುಪಾಸು. ದುಬಾರಿ ವೂಫರು ತಂದು ಹಳೆಯ ಪೆಟ್ಟಿಗೆಗೆ ಹಾಕಿದವರು ‘ಬೇಸೇ ಬರ್ತಿಲ್ಲವಲ್ಲ’ ಎಂದು ತಲೆ ಕೆರೆದುಕೊಳ್ಳುವುದು ಈ ಕಾರಣಕ್ಕೆ. ಕೊಳ್ಳುವಾಗ ಅಂಗಡಿಯವನ ವ್ಯಾಟ್ ಪುರಾಣ ಬದಿಗಿಟ್ಟು ಈ ಒಂದು ಅಂಕಿ ಕೇಳಿ. ಹೇಳಲಾರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಒಳಗೊಂದು ಚಿಕ್ಕ ಮುಚ್ಚಿದ ಡಬ್ಬ ಕಟ್ಟಿ ಅದರಲ್ಲಿ ಹೊಸ ಸ್ಪೀಕರು ಕೂರಿಸುವ ದಾರಿಯೂ ಇದೆ. ಮಂದ್ರ ಗಟ್ಟಿಯಾಗಿ ಬರುತ್ತದೆ, ನಿಜ. ಆದರೆ ಆಗ ಹೊರಗಿನ ಮರ ಬರೀ ಮುಸುಕು. ನಾನು ಬೆನ್ನು ತೆರೆದೇ ಬಿಟ್ಟು, ಎಂಟು ಅಂಗುಲದ ಕಾಗದದ ಫುಲ್‌ರೇಂಜ್ ಸ್ಪೀಕರನ್ನು ಹಳೆಯ ಸ್ಕ್ರೂ ತೂತುಗಳಿಗೇ ಹೊಂದುವ ಪ್ಲೈವುಡ್ ಬಿಲ್ಲೆಯ ಮೇಲೆ ಕೂರಿಸಿದೆ. ಮಂದ್ರದ ಕೊರತೆ ನನ್ನನ್ನು ಕಾಡಲಿಲ್ಲ. ಗಂಡು ದನಿಯ ತಂಬೂರಿಯನ್ನು ಹಾರ್ಮೋನಿಯಂನ ಕಪ್ಪು ಒಂದಕ್ಕೆ ಕೂಡಿಸಿದರೆ ಜೋಡಿ ತಂತಿಗಳು 139 ಹರ್ಟ್ಜ್ ಹತ್ತಿರ ನುಡಿಯುತ್ತವೆ, ಖರ್ಜ ಅದರ ಅರ್ಧಕ್ಕೆ, 69ಕ್ಕೆ. ಆ 69ನ್ನು ಈ ಪೆಟ್ಟಿಗೆ ಹೊರಡಿಸಲಾರದು, ಯಾವ ಕಾಲದಲ್ಲೂ ಹೊರಡಿಸಿರಲಾರದು. ಆದರೂ ಮಲ್ಲಿಕಾರ್ಜುನ ಮನ್ಸೂರರ ಹಿಂದಿನ ತಂಬೂರಿಯ ಖರ್ಜ ರೇಡಿಯೊದಲ್ಲಿ ಕೇಳಿಲ್ಲವೆಂದು ಯಾರೂ ದೂರಿದ್ದಿಲ್ಲ. 138, 207, 276 ಎಂಬ ಅದರ ಮೇಲಿನ ಅನುರಣನಗಳು ಕಿವಿಗೆ ಬಿದ್ದರೆ ಸಾಕು, ಇಲ್ಲದ ಮೂಲಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಗೋಡೆಯ ಹತ್ತಿರ, ಕೋಣೆಯ ಮೂಲೆಗೆ ಸರಿಸಿ ಇಟ್ಟರೆ ದನಿ ಇನ್ನೂ ತುಂಬಿಬರುತ್ತದೆ. ನಮ್ಮ ಅಜ್ಜಂದಿರು ಮೂಲೆಯ ಹಲಗೆಯ ಮೇಲಿಟ್ಟು ಕ್ರೋಶಾ ಮುಸುಕು ಹೊದಿಸುತ್ತಿದ್ದರು. ಮೂಲೆ ಸರಿ, ಮುಸುಕನ್ನು ಮಾತ್ರ ಕೇಳುವಾಗ ತೆಗೆಯಿರಿ.

ಸ್ಟೀರಿಯೊ ಬೇಡ. ಅರ್ಧ ಮೀಟರಿನ ಪೆಟ್ಟಿಗೆಯಲ್ಲಿ ಎಡ ಬಲ ಎಂದು ಹಂಚುವುದು ಆತ್ಮವಂಚನೆ. ಫೋನಿನಿಂದಲೋ ಬ್ಲೂಟೂತ್ ಮಾಡ್ಯೂಲಿನಿಂದಲೋ ಬರುವ ಎರಡು ತಂತಿಗಳನ್ನು ಒಂದು ಮಾಡುವಾಗ ನೇರವಾಗಿ ಹೆಣೆಯಬೇಡಿ, ಪ್ರತಿಯೊಂದಕ್ಕೂ ಒಂದೊಂದು ಕಿಲೋಓಮ್‌ನಷ್ಟಾದರೂ ರೆಸಿಸ್ಟರು ಹಾಕಿ ಸೇರಿಸಿ. ಆಂಪ್ಲಿಫೈಯರಿಗೆ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಟಿಪಿಎ 3116 ಚಿಪ್ಪಿನ ಕ್ಲಾಸ್ ಡಿ ಬೋರ್ಡು ಸಾಕೋ ಸಾಕು. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಿಂದಲೇ ಅದು ನಡೆಯುತ್ತದೆ. ಅದರ ಔಟ್‌ಪುಟ್ಟಿನ ಎರಡು ತುದಿಯೂ ಜೀವಂತ, ಸ್ಪೀಕರಿನ ಮೈನಸ್ಸನ್ನು ಷಾಸಿಗೆ ಸೇರಿಸಿದರೆ ಚಿಪ್ಪು ಸುಡಬಹುದು. ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ ಬೇರೆ ಹೆಸರು ಅಚ್ಚೊತ್ತಿದ ನಕಲಿಗಳೂ ಬರುತ್ತವೆ. ನನಗೂ ಒಬ್ಬರು ಅಂಥದ್ದನ್ನು ದಾಟಿಸಿದ್ದರು.

ಆ ಚಿಪ್ಪಿನಿಂದ 50 ವ್ಯಾಟ್ ಹೊರಡುತ್ತದೆ ಎಂದು ಹಿಗ್ಗಬೇಕಿಲ್ಲ. ಒಂಟಿ ಇಎಲ್ 84 ವಾಲ್ವು ಕೊಡುತ್ತಿದ್ದುದು ಸುಮಾರು ಐದೂವರೆ ವ್ಯಾಟು, ಅಷ್ಟರಲ್ಲೇ ಇಡೀ ಜಗಲಿಗೆ ವಾರ್ತೆ ಕೇಳುತ್ತಿತ್ತು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿ ಶುರುಮಾಡಿದಾಗ ಟ್ರಾನ್ಸ್‌ಮಿಟರಿನ ಶಕ್ತಿಯೇ 30 ವ್ಯಾಟು!

ಕ್ಲಾಸ್ ಡಿ ಬೋರ್ಡಿನಲ್ಲಿ ಒಂದು ಗುಟ್ಟಿದೆ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತ ಕೆಲಸ ಮಾಡುವುದರಿಂದ ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೊ ಇದ್ದರೆ ಕಿರಿಕಿರಿ ಸೇರಿಸುತ್ತದೆ. ಚಿಪ್ಪು ಮಾಡಿದವರಿಗೂ ಇದು ಗೊತ್ತು. ಅದಕ್ಕೇ 400, 500, 600 ಹೀಗೆ 1200 ಕಿಲೋಹರ್ಟ್ಜ್‌ವರೆಗೆ ವೇಗ ಬದಲಿಸುವ ವ್ಯವಸ್ಥೆ ಇಟ್ಟಿದ್ದಾರೆ. ಆಕಾಶವಾಣಿ ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಜ್ ಬೇಕಾದವರು 600ನ್ನು ಬಿಟ್ಟು 400ಕ್ಕೆ ಕಟ್ಟಬೇಕು. ಅದರ ಮರುದನಿಗಳು 800, 1200ರಲ್ಲಿ ಬೀಳುತ್ತವೆ. ಧಾರವಾಡದ 765ಕ್ಕೂ ತೊಂದರೆಯಾಗುವುದಿಲ್ಲ.

ತಿರುಪುಗಳು ತಮ್ಮ ಹಳೆಯ ಕೆಲಸವನ್ನೇ ಮಾಡಬೇಕು. ರೇಡಿಯೊದ ಕಿವಿ ಹಿಂಡಿ ‘ಟಕ್’ ಎನ್ನಿಸಿ ದನಿ ಏರಿಸುವ ಸುಖವಿಲ್ಲದಿದ್ದರೆ ಈ ಉಸಾಬರಿಯೇಕೆ? ಹಳೆಯ ಕಂಟ್ರೋಲು ಅರ್ಧ ಅಥವಾ ಒಂದು ಮೆಗಾಓಮ್‌ನದು, ಹೊಸ ಬೋರ್ಡಿಗೆ 10 ಇಲ್ಲವೆ 50 ಕಿಲೋಓಮ್ ಬೇಕು. ಅದೂ ಲಾಗ್ ಬಗೆಯದು, ಬೆನ್ನ ಮೇಲೆ ‘ಎ’ ಎಂದಿರುವುದು. ‘ಬಿ’ ತಂದರೆ ತಿರುಗಿಸಿದ ಕೂಡಲೇ ದನಿ ಕಿರುಚಿಕೊಳ್ಳುತ್ತದೆ. ಹಳೆಯ ನಾಬಿನ ತೂತು ಕಾಲಂಗುಲ, ಅಂದರೆ 6.35 ಮಿಲಿಮೀಟರ್. ಹೊಸ ಕಂಟ್ರೋಲಿನ ದಂಡ 6 ಮಿಲಿಮೀಟರ್. ಆ ಕೂದಲೆಳೆಯ ಅಂತರಕ್ಕೇ ನಾಬು ಲಟಲಟ ಅಲುಗಾಡುತ್ತದೆ. ದಂಡಕ್ಕೆ ತೆಳುವಾದ ಹಿತ್ತಾಳೆಯ ತಗಡು ಸುತ್ತಿದರೆ ಸರಿಹೋಗುತ್ತದೆ.

ಟ್ಯೂನಿಂಗ್ ಚಕ್ರಕ್ಕೆ ಒಂದು ಸಾದಾ ಪೊಟೆನ್ಷಿಯೊಮೀಟರು ಜೋಡಿಸಿ ಅದರ ಸ್ಥಾನವನ್ನು ಪುಟ್ಟ ಕಂಟ್ರೋಲರಿಗೆ ಓದಿಸಿದರೆ, ಡಯಲ್ ದಾರ ಎಳೆದ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಬೇಕಾದ ಹಾಡಿನ ಪಟ್ಟಿ ಗೊತ್ತುಪಡಿಸಬಹುದು. ನಾನು ಶಾರ್ಟ್ ವೇವಿನ 25 ಮೀಟರಿನ ಗುರುತಿಗೆ ಐವತ್ತರ ದಶಕದ ಹಿಂದಿ ಹಾಡುಗಳನ್ನು ಇಟ್ಟಿದ್ದೇನೆ. ಸಚಿವ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಲಗಾಮು ಹಾಕಿದ್ದೂ, ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾದದ್ದೂ 1952ರಲ್ಲೇ. ಮನೆಮನೆಯ ಮುಳ್ಳು ಶಾರ್ಟ್ ವೇವಿಗೆ ಸರಿದದ್ದು ಆಗ. ಡಯಲ್ ದೀಪಕ್ಕೆ ಹಳದಿ ಛಾಯೆಯ 2700 ಕೆಲ್ವಿನ್ ಎಲ್‌ಇಡಿ ಹಾಕಿ. ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಅಕ್ಷರಗಳಿರುವುದು ಒಳಬದಿಯಲ್ಲಿ, ನೀರು ತಾಗಿದರೆ ದೆಹಲಿ, ಲಂಡನ್, ಸಿಲೋನ್ ಎಲ್ಲ ಬಟ್ಟೆಗೆ ಬಂದುಬಿಡುತ್ತವೆ.

ಮರದ ಮೇಲಿನ ವಿನಿಯರ್ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಬಡಗಿಯ ಕೈಗೆ ಉಪ್ಪುಕಾಗದ ಕೊಟ್ಟು ನೀವು ಕಾಫಿಗೆ ಹೋದಿರೋ, ಬರುವಷ್ಟರಲ್ಲಿ ಒಳಗಿನ ಪ್ಲೈವುಡ್ ಕಾಣಿಸುತ್ತಿರುತ್ತದೆ. ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್, ಅದರ ಮೇಲೆಯೇ ತೆಳ್ಳಗೆ ಹೊಸ ಅರಗು ಹಚ್ಚಬಹುದು. ಮಳೆಗಾಲದಲ್ಲಿ ಮಾತ್ರ ಬೇಡ, ತೇವಕ್ಕೆ ಅರಗು ಬಿಳಿಚಿಕೊಳ್ಳುತ್ತದೆ. ಮುಂದಿನ ಜಾಲರಿ ಬಟ್ಟೆ ಬದಲಿಸುವುದಿದ್ದರೆ ಅಂಗಡಿಯಲ್ಲೇ ಬಾಯಿಗೆ ಹಿಡಿದು ಊದಿ. ಉಸಿರು ಸರಾಗವಾಗಿ ದಾಟದ ಸೋಫಾ ಬಟ್ಟೆ ತಾರಸ್ಥಾಯಿಯನ್ನೆಲ್ಲ ನುಂಗಿಹಾಕುತ್ತದೆ.

ಕೊನೆಗೆ ಬೆನ್ನಿನ ರಟ್ಟನ್ನು ಮುಚ್ಚುವ ಮೊದಲು ಒಂದು ಹಾಳೆಯಲ್ಲಿ ಯಾವ ತಂತಿ ಎಲ್ಲಿಗೆ, ಏನನ್ನು ತೆಗೆದಿರಿ, ತೆಗೆದದ್ದು ಎಲ್ಲಿದೆ ಎಂದು ಬರೆದು ಒಳಗೆ ಅಂಟಿಸಿ. ಕೆಟ್ಟುಹೋದ ಹಳೆಯ ಷಾಸಿ ನಿಮ್ಮ ಬಳಿ ಇದ್ದರೆ ಅದಕ್ಕೂ ಒಂದು ಚೀಟಿ ಕಟ್ಟಿ ಅಟ್ಟಕ್ಕೆ ಹಾಕಿ. ದಸರೆಗೆ ಮನೆ ಗುಡಿಸುವಾಗ ಅದನ್ನು ಗುಜರಿಗೆ ಎತ್ತಿಹಾಕುವವರು ಮನೆಯೊಳಗೇ ಇರುತ್ತಾರೆ.