ಹಾಡಿನ ಬಾಡಿಗೆದಾರರು

ಅಂತರ್ಜಾಲದ ಸಂಗೀತದ ಬಗ್ಗೆ ಒಂದು ಸರಳ ಕಥೆ ಚಾಲ್ತಿಯಲ್ಲಿದೆ. ಮೊದಲು ಜನ ಹಾಡು ಕದಿಯುತ್ತಿದ್ದರು, ಆಮೇಲೆ ಕಾನೂನುಬದ್ಧ ಸ್ಟ್ರೀಮಿಂಗ್ ಬಂತು, ಎಲ್ಲರೂ ಸಾಚಾ ಆದರು. ಸ್ವೀಡನ್ನಿನ ಸಂಶೋಧನಾ ಯೋಜನೆಯೊಂದರ ಐವರು ಸೇರಿ ಬರೆದ, 2019ರಲ್ಲಿ ಎಂಐಟಿ ಪ್ರೆಸ್ ಪ್ರಕಟಿಸಿದ ‘ಸ್ಪಾಟಿಫೈ ಟಿಯರ್‌ಡೌನ್’ ಓದಿದ ಮೇಲೆ ಈ ಕಥೆಯನ್ನು ನಂಬುವುದು ಕಷ್ಟ.

1999ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾಪ್‌ಸ್ಟರನ್ನು ರೆಕಾರ್ಡ್ ಕಂಪನಿಗಳು ನ್ಯಾಯಾಲಯಕ್ಕೆ ಎಳೆದು 2001ರಲ್ಲಿ ಮುಚ್ಚಿಸಿದವು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ನ್ಯಾಪ್‌ಸ್ಟರ್ ಸತ್ತರೂ ಅದು ಕಲಿಸಿದ ಚಟ ಸಾಯಲಿಲ್ಲ: ಬೇಕಾದ ಹಾಡು ಬೇಕೆನಿಸಿದ ಕ್ಷಣಕ್ಕೇ ಸಿಗಬೇಕು. 2003ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪೈರೇಟ್ ಬೇ ಈ ಚಟಕ್ಕೆ ನೀರೆರೆಯಿತು. 2008ರಲ್ಲಿ ಅದೇ ದೇಶದಿಂದ ಹೊರಟ ಸ್ಪಾಟಿಫೈ ಅದಕ್ಕೆ ಪರವಾನಗಿ ಪಡೆಯಿತು. ಮರುವರ್ಷ ಪೈರೇಟ್ ಬೇಯ ನಾಲ್ವರಿಗೆ ಜೈಲು ಶಿಕ್ಷೆಯ ತೀರ್ಪು ಬಂತು.

ಈ ಎರಡರ ನಡುವಿನ ಗೋಡೆ ಎಷ್ಟು ತೆಳುವಾಗಿತ್ತು ಎಂಬುದನ್ನು ಪುಸ್ತಕ ತೋರಿಸುತ್ತದೆ. ಲೇಖಕರಲ್ಲೊಬ್ಬರಾದ ರಾಸ್ಮುಸ್ ಫ್ಲೈಶರ್, ಪೈರೇಟ್ ಬೇಗೆ ಜನ್ಮಕೊಟ್ಟ ಗುಂಪಿನವರೇ. ಅವರ ಪ್ರಕಾರ, ಪ್ರಯೋಗದ ಹಂತದಲ್ಲಿ ಸ್ಪಾಟಿಫೈ ತನ್ನ ನೌಕರರ ಬಳಿಯಿದ್ದ ಪೈರಸಿ ಕಡತಗಳನ್ನೇ ಬಳಸಿತ್ತು. ತಮ್ಮ ತಂಡ ಪೈರೇಟ್ ಬೇಯಲ್ಲಷ್ಟೇ ಹಂಚಿದ್ದ ಹಾಡುಗಳು ಅಲ್ಲಿ ಕಾಣಿಸಿಕೊಂಡವು. ಹೀಗೆ ಶುರುವಾದ ಕಂಪನಿಯೇ 2017ರಲ್ಲಿ ಈ ಸಂಶೋಧಕರಿಗೆ ‘ಬಳಕೆಯ ಷರತ್ತು ಮುರಿದಿದ್ದೀರಿ’ ಎಂದು ಪತ್ರ ಬರೆಯಿತು, ಅವರ ಅನುದಾನದ ಮೂಲಕ್ಕೂ ದೂರು ಒಯ್ದಿತು. ಸಂಶೋಧನಾ ವಿದ್ಯಾರ್ಥಿಯಾಗಿ ನನ್ನನ್ನು ಅಲುಗಾಡಿಸಿದ ಪುಟಗಳಿವು.

ಆದರೂ ನನಗೊಂದು ತಕರಾರಿದೆ. ಕಂಪನಿಯ ಸೋಗನ್ನು ಬಯಲು ಮಾಡಿದ ಮಾತ್ರಕ್ಕೆ ಪೈರಸಿ ಪುಣ್ಯಕಾರ್ಯವಾಗುವುದಿಲ್ಲ. ಹಾಡಿದವರಿಗೆ ಆಗಲೂ ಕಾಸು ಸಿಗುತ್ತಿರಲಿಲ್ಲ. ಈಗ ಸಿಗುತ್ತದೆಯೆ? ಎಲ್ಲರ ಚಂದಾಹಣ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲೆಷ್ಟೋ ಅಷ್ಟು ಹಕ್ಕುದಾರರಿಗೆ ಹೋಗುತ್ತದೆ. ನಾನು ತಿಂಗಳಿಡೀ ಗಮಕವನ್ನೇ ಕೇಳಿದರೂ ನನ್ನ ಚಂದಾ ನೇರವಾಗಿ ಗಮಕಿಗೆ ತಲುಪುವುದಿಲ್ಲ. ಪುಸ್ತಕ ಬಂದ ನಂತರ, 2024ರಿಂದ, ಇನ್ನೊಂದು ನಿಯಮ ಸೇರಿತು: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಆ ಹುಂಡಿಯಲ್ಲಿ ಪಾಲೇ ಇಲ್ಲ. ಕುಮಾರವ್ಯಾಸನ ಒಂದು ಸಂಧಿಯನ್ನು ವಾಚಿಸಿ ಹಾಕಿದವರಿಗೆ ವರ್ಷಕ್ಕೆ 900 ಕೇಳುಗರು ದೊಡ್ಡ ಸಭೆಯೇ. ಹುಂಡಿಯ ಲೆಕ್ಕದಲ್ಲಿ ಆ ಸಭೆ ಸೊನ್ನೆ.

ಕೇಳುಗರ ಪಾಡೇನು? 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಏಪ್ರಿಲ್‌ನಲ್ಲಿ, ಹಳೆಯ ಎಚ್‌ಎಂವಿ ಹಾಡುಗಳ ಒಡೆತನವಿರುವ ಸರೆಗಮ ದೆಹಲಿ ಹೈಕೋರ್ಟಿಗೆ ಹೋದದ್ದರಿಂದ ಅದರ ಹಾಡುಗಳು ಅಲ್ಲಿಂದ ಮಾಯವಾದವು. ಒಪ್ಪಂದವಾಗಿ ಮರಳಿದ್ದು 2020ರಲ್ಲಿ. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಸರೆಗಮ ತನ್ನ ಹಕ್ಕು ಕೇಳಿತು. ಆದರೆ ಮನೆಯ ಬೀರುವಿನಲ್ಲಿದ್ದ ಕ್ಯಾಸೆಟ್ಟನ್ನು ಯಾವ ಒಪ್ಪಂದವೂ ಒಯ್ಯಲಾಗುತ್ತಿರಲಿಲ್ಲ. ನೆರೆಮನೆಯವರು ಒಯ್ದು ಹಿಂದಿರುಗಿಸದೇ ಇರಬಹುದಿತ್ತು, ಅಷ್ಟೆ.

ಪೈರಸಿ ಕಲಾವಿದರ ಹಕ್ಕನ್ನು ಮರೆತಿತ್ತು. ಸ್ಟ್ರೀಮಿಂಗ್ ಆ ಹಕ್ಕಿಗೆ ಬಾಡಿಗೆ ವಸೂಲಿ ಮಾಡಿ, ಕೇಳುಗರ ಒಡೆತನವನ್ನು ತೆಗೆದುಹಾಕಿತು. ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ನೆಮ್ಮದಿಯಾಗಿರುವುದು ದೊಡ್ಡ ಮಾರುಕಟ್ಟೆಯ ಭಾಷೆಗಳಿಗೆ ಸಾಧ್ಯವೇನೋ. ಕಡಿಮೆ ಜನ ಕೇಳುವ, ಆದರೆ ಕೇಳುವವರು ಬಿಡದೆ ಕೇಳುವ ಹಾಡುಗಳಿರುವ ಕನ್ನಡಕ್ಕೆ ಈ ಎರಡೂ ಸಾಲವು. ನಮಗೆ ಬೇಕಾದುದನ್ನು ಕೊಂಡು, ಇಟ್ಟುಕೊಂಡು, ಹಾಡಿದವರಿಗೆ ನೇರವಾಗಿ ಹಣ ಕೊಡುವ ಮೂರನೆಯ ದಾರಿಯ ಬಗ್ಗೆ ಈ ಪುಸ್ತಕ ಹೆಚ್ಚು ಹೇಳುವುದಿಲ್ಲ. ಆ ಅಧ್ಯಾಯವನ್ನು ನಾವೇ ಬರೆದುಕೊಳ್ಳಬೇಕು.