ಸೂಜಿ ಫೆಬ್ರವರಿಗೆ, ಮರಿ ವರ್ಷವಿಡೀ

ತಮಿಳುನಾಡಿನ ಪಶುಪಾಲನಾ ಇಲಾಖೆ ಪ್ರತಿ ಫೆಬ್ರವರಿಯಲ್ಲಿ ಎರಡು ವಾರ ನಾಟಿ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆಯನ್ನು ಪುಕ್ಕಟೆಯಾಗಿ ಹಾಕಿಸುತ್ತದೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡದ ಮನೆಗಳ ಕೋಳಿಗಳಿಗೂ ಆಸರೆ ಈ ಶಿಬಿರವೇ. ಐದಾರು ಹ್ಯಾಟೆ, ಒಂದು ಹುಂಜ ಸಾಕಿಕೊಂಡ ಹೆಣ್ಣುಮಗಳ ಹಿತ್ತಲನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿದೆ ಎನ್ನುವುದು ಸಣ್ಣ ಮಾತಲ್ಲ. ಅದನ್ನು ಮನಸಾರೆ ಮೆಚ್ಚಿಕೊಂಡೇ ಹೇಳುತ್ತೇನೆ: ಈ ಶಿಬಿರದ ವೇಳೆ ಕೋಳಿಯ ಬದುಕಿಗೆ ಹೊಂದುವುದಿಲ್ಲ.

ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ, ಬಾಯಿ ತೆರೆದು ಏದುಸಿರು ಬಿಡುವ ಕೋಳಿಗೆ ಮದ್ದಿಲ್ಲ; ಇರುವುದು ಲಸಿಕೆಯೊಂದೇ. ರಾಣಿಖೇತ್ ಎಂದೂ ಕರೆಯುವ ಈ ಕೊಕ್ಕರೆ ರೋಗಕ್ಕೆ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಸಿದ್ಧವಾದ ಆರ್2ಬಿ ಲಸಿಕೆ ಇಂದಿಗೂ ಗಟ್ಟಿ. ಆದರೆ ಅದರ ಕಸುವನ್ನು ಎಳೆಯ ಮರಿ ತಡೆಯದು, ಎಂಟು ವಾರ ತುಂಬಿರಬೇಕು. ನಾಟಿ ಹ್ಯಾಟೆಯೋ ವರ್ಷಕ್ಕೆ ಮೂರು ನಾಲ್ಕು ಸಲ ಕಾವಿಗೆ ಕೂರುತ್ತದೆ. ಮಾರ್ಚಿನಲ್ಲಿ ಒಡೆದ ಮೊಟ್ಟೆಯ ಮರಿ ಮುಂದಿನ ಶಿಬಿರದ ತನಕ ಬರಿಮೈಯಲ್ಲೇ ಬೆಳೆಯಬೇಕು. ಬೇಸಿಗೆ ಕಳೆಯುವುದರೊಳಗೆ ಅಂಥ ಮರಿಗಳ ಗುಂಪೇ ಹೋಗಿಬಿಟ್ಟರೆ ‘ಸೂಜಿ ಹಾಕಿಸಿದ್ದೆವಲ್ಲ’ ಎಂದು ಮನೆಯವರು ಲಸಿಕೆಯ ಮೇಲೇ ನಂಬಿಕೆ ಕಳೆದುಕೊಳ್ಳುತ್ತಾರೆ. ಈ ಅಪನಂಬಿಕೆ ರೋಗಕ್ಕಿಂತ ನಿಧಾನವಾಗಿ ಹರಡುತ್ತದೆ, ಹೋಗುವುದೂ ನಿಧಾನ.

ಮರಿಗಳಿಗೆ ಬೇರೆ ಕ್ರಮವಿದೆ: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಎಫ್1 ಲಸಿಕೆಯ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಕುಡಿಯುವ ನೀರಿನಲ್ಲಿ ಲಸೋಟಾ, ಎಂಟು ವಾರ ದಾಟಿದ ಮೇಲೆ ಆರ್2ಬಿ. ತೊಡಕು ಸೀಸೆಯದು. ಸೀಸೆ ಬರುವುದು ನೂರಾರು ಕೋಳಿಯ ಅಳತೆಗೆ; ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ಐಸಿನಲ್ಲಿರಬೇಕು. ಹತ್ತು ಮರಿಗಾಗಿ ಯಾರು ಸೀಸೆ ಒಡೆಯುತ್ತಾರೆ? ಒಂದೇ ಬೀದಿಯ ಏಳೆಂಟು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಹ್ಯಾಟೆಗಳನ್ನು ಕಾವಿಗೆ ಕೂರಿಸಿದರೆ 21 ದಿನಕ್ಕೆ ಎಲ್ಲ ಮರಿಗಳೂ ಒಂದೇ ವಯಸ್ಸಿನವಾಗುತ್ತವೆ, ಒಂದು ಸೀಸೆಗೆ ಕೆಲಸ ಸಿಗುತ್ತದೆ. ಹೊಸೂರಿನ ಮತ್ತಿಗಿರಿಯಲ್ಲಿ ಕೋಳಿ ಸಾಕಣೆಗೆಂದೇ ಒಂದು ಸರ್ಕಾರಿ ಕಾಲೇಜಿದೆ. ಇಂಥ ಬೀದಿಗಳನ್ನು ಅದು ಕೈಗೆತ್ತಿಕೊಂಡರೆ ಚೆನ್ನ.

ಲಸಿಕೆ ಹಾಕುವ ಹೊತ್ತೂ ಮುಖ್ಯ. ಬಿಸಿಲೇರಿದ ಮೇಲೆ ಬಂದವರಿಗೆ ಹೊಲದಲ್ಲಿ ಕೆದಕುವ ಕೋಳಿ ಸಿಗುವುದಿಲ್ಲ. ಗೂಡಿನ ಬಾಗಿಲು ತೆಗೆಯುವ ಮುಂಚೆಯೇ, ನಸುಕಿನಲ್ಲೇ ಬರಬೇಕು.

ಇನ್ನು ಜಂತುಹುಳು. ಹೊಟ್ಟೆ ತುಂಬ ಹುಳುವಿರುವ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ವಾರ ಮೊದಲೇ ಹುಳುವಿನ ಔಷಧ ಕುಡಿಸಿರಬೇಕು. ಪೈಪರಜೀನ್ ದುಂಡುಹುಳುವನ್ನು ಕೆಡವುತ್ತದೆ, ಲಾಡಿಹುಳುವನ್ನು ಮುಟ್ಟದು. ಇರುವೆ, ಸಗಣಿಹುಳ ಹೆಕ್ಕಿ ತಿನ್ನುವ ಹಿತ್ತಲ ಕೋಳಿಗೆ ಅವುಗಳಿಂದಲೇ ಲಾಡಿಹುಳು ಬರುವುದರಿಂದ ಅದೊಂದೇ ಔಷಧ ಸಾಲದು.

ಮೈಮೇಲಿನ ಹೇನು, ಉಣ್ಣೆಯ ಮಾತಿಗೆ ಬಂದರೆ, ನಮ್ಮವರ ಬೂದಿಗುಂಡಿ ನನಗೆ ಬಹಳ ಇಷ್ಟದ ಪದ್ಧತಿ. ಒಲೆಯ ಬೂದಿ, ಮರಳು ಬೆರೆಸಿದ ತಗ್ಗಿನಲ್ಲಿ ಹೊರಳಿ ಕೋಳಿ ತನ್ನ ಹೇನನ್ನು ತಾನೇ ಕೊಡವಿಕೊಳ್ಳುತ್ತದೆ. ಆದರೆ ಕೋಳಿಯ ಉಣ್ಣೆಗೆ ಇದು ನಾಟುವುದಿಲ್ಲ. ಬಲಿತ ಉಣ್ಣೆ ಹಗಲೆಲ್ಲ ಗೂಡಿನ ಮರದ ಸೀಳಿನಲ್ಲಿ, ಮಣ್ಣುಗೋಡೆಯ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಮಾತ್ರ ಬಂದು ರಕ್ತ ಹೀರುತ್ತದೆ. ಹಗಲಲ್ಲಿ ರೆಕ್ಕೆ ಬಿಡಿಸಿ ನೋಡಿದವರಿಗೆ ಅದು ಕಾಣದು, ಕೋಳಿ ಮಾತ್ರ ಬಿಳಿಚಿಕೊಂಡು ಸೊರಗುತ್ತದೆ. ಕೋಳಿಯ ಮೈಗೆ ಬೇವಿನೆಣ್ಣೆ ಹಚ್ಚುವ ಶ್ರಮವನ್ನು ಗೂಡಿನ ಮೇಲೆ ಹಾಕಬೇಕು: ಬಿರುಕು ಮೆತ್ತಿ, ಸುಣ್ಣ ಬಳಿದು, ಕೂರುವ ಗಳುಗಳನ್ನು ಬಿಚ್ಚಿ ಕುದಿನೀರು ಹೊಯ್ಯಬೇಕು. ಫೆಬ್ರವರಿಯಲ್ಲಿ ಸೂಜಿ ಹಿಡಿದು ಬಂದವರು ಒಂದು ನಿಮಿಷ ಬಗ್ಗಿ ಗೂಡಿನೊಳಗೆ ಟಾರ್ಚು ಬಿಟ್ಟು, ಆ ಸೀಳುಗಳನ್ನು ಮನೆಯವರಿಗೆ ತೋರಿಸಿ ಹೋಗಬೇಕು.