ಸೋಲಲೆಂದೇ ಕಣಕ್ಕಿಳಿದವರು

ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರು ತಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗಿನ ಜಗಳವೊಂದನ್ನು ಬರೆದು ಕಳಿಸಿ ತೀರ್ಪು ಕೇಳಿದ್ದಾರೆ. ಅಮೆರಿಕದ ಫುಟ್‌ಬಾಲ್, ಎನ್‌ಎಫ್‌ಎಲ್‌ನದು; ನಿಜವಾದ ಆಟಗಾರರ ಪಟ್ಟಿ ಹಾಕಿ, ನಿಜವಾದ ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ಪಾಯಿಂಟ್ ಎಣಿಸುವ ಆಟ. ಹನ್ನೆರಡು ಜನ ಸ್ನೇಹಿತರ ಲೀಗ್, ಆರು ತಂಡಗಳಿಗೆ ಪ್ಲೇಆಫ್. 14ನೇ ವಾರ, ಅಂದರೆ ಲೀಗ್ ಹಂತದ ಕೊನೆಯ ವಾರ. ಎರಡನೇ ಸ್ಥಾನ ಆಗಲೇ ಗಟ್ಟಿಯಾಗಿದ್ದ ಒಬ್ಬನಿಗೆ ಆ ವಾರ ಎದುರಾಳಿಯಾಗಿದ್ದದ್ದು ಏಳನೇ ಸ್ಥಾನದ ಸಪ್ಪೆ ತಂಡ. ಅದು ಗೆದ್ದರೆ ಆರನೆಯದಾಗಿ ಒಳಗೆ ಬರುತ್ತದೆ. ಆರನೆಯದಾಗಿದ್ದ, ಕಳೆದ ಒಂದು ತಿಂಗಳಿಂದ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಬಾಚುತ್ತಿದ್ದ ತಂಡ ಹೊರಗೆ ಬೀಳುತ್ತದೆ. ಈತ ತನ್ನ ಒಳ್ಳೆಯ ಕ್ವಾರ್ಟರ್‌ಬ್ಯಾಕನ್ನು ಬೆಂಚಿಗೆ ಕಳಿಸಿ, ಆ ವಾರ ಪಂದ್ಯವೇ ಇಲ್ಲದ ಇನ್ನೊಬ್ಬನನ್ನು ಆಡುವ ಪಟ್ಟಿಗೆ ಸೇರಿಸಿದ. ಸೊನ್ನೆ ಖಾತ್ರಿ. ಎಣಿಸಿದಂತೆಯೇ ಸೋತ. ಆರನೆಯವ ಹೊರಬಿದ್ದ.

‘ನಿಯಮಾವಳಿಯಲ್ಲಿ ಇದು ತಪ್ಪು ಅಂತ ಎಲ್ಲೂ ಇಲ್ಲ’ ಎನ್ನುವುದು ಆತನ ವಾದವಂತೆ. ಲೀಗಿನ ಅರ್ಧದಷ್ಟು ಜನ ಅವನ ಪರ.

ಅದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಯಾಕಲ್ಲ ಎಂಬುದನ್ನು ವಿವರಿಸಲು ನಾನು ನನ್ನ ಆಟವಾದ ಬ್ಯಾಡ್ಮಿಂಟನ್‌ಗೇ ಮರಳಬೇಕು, 2012ರ ಲಂಡನ್ನಿಗೆ, ವೆಂಬ್ಲಿ ಅರೀನಾಕ್ಕೆ.

ಜುಲೈ 31ರ ಸಂಜೆ. ಮಹಿಳಾ ಡಬಲ್ಸ್‌ನ ಗುಂಪು ಹಂತ ಮುಗಿಯುತ್ತಿತ್ತು. ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ಗೆ ಗುಂಪು ಹಂತ ಬಂದದ್ದೇ ಆ ವರ್ಷ. ಚೀನಾದ ಎರಡನೇ ಜೋಡಿ, ಟಿಯಾನ್ ಚಿಂಗ್ ಮತ್ತು ಝಾವೊ ಯುನ್‌ಲೇ, ಡೆನ್ಮಾರ್ಕ್ ವಿರುದ್ಧ ಸೋತು ತಮ್ಮ ಗುಂಪಿನಲ್ಲಿ ಎರಡನೆಯವರಾಗಿದ್ದರು. ಹಾಗಾಗಿ ಅಗ್ರ ಜೋಡಿ ವಾಂಗ್ ಶಿಯಾವೊಲಿ–ಯು ಯಾಂಗ್ ತಮ್ಮ ಗುಂಪನ್ನು ಗೆದ್ದರೆ, ಫೈನಲ್‌ಗಿಂತ ಮೊದಲೇ ತಮ್ಮ ದೇಶದವರನ್ನೇ ಎದುರಿಸಬೇಕಾಗುತ್ತಿತ್ತು. ಎದುರಿಗೆ ನಿಂತಿದ್ದ ಕೊರಿಯಾದ ಜಂಗ್ ಕ್ಯೂಂಗ್‌ಯುನ್–ಕಿಮ್ ಹಾನಾ ಜೋಡಿಗೂ ಗೆಲುವು ಬೇಡವಾಗಿತ್ತು. ಸರ್ವಿಸ್‌ಗಳು ಒಂದರ ಹಿಂದೆ ಒಂದರಂತೆ ನೆಟ್‌ಗೆ ಬಡಿದವು. ಕಾಕ್ ಬೇಕೆಂದೇ ಗೆರೆಯಾಚೆ ಹೋಗಿ ಬಿತ್ತು. ಇಡೀ ಪಂದ್ಯದ ಅತಿ ದೊಡ್ಡ ರ್‍ಯಾಲಿಯಲ್ಲಿ ಇದ್ದದ್ದು ನಾಲ್ಕೇ ಹೊಡೆತ. ಟಿಕೆಟ್ ಕೊಂಡು ಬಂದಿದ್ದ ಜನ ಕೂಗಿ ಛೀಮಾರಿ ಹಾಕಿದರು. ರೆಫರಿ ಅಂಕಣಕ್ಕೇ ಇಳಿದುಬಂದು ಎಚ್ಚರಿಸಿದರು. ಕೊನೆಗೆ ಕೊರಿಯಾ 21-14, 21-11ರಿಂದ ಗೆಲ್ಲಬೇಕಾಗಿ ಬಂತು.

ಇದರ ಮುಂದಿನ ಪಂದ್ಯವನ್ನು ಯಾರೂ ಇಷ್ಟು ಗಮನಿಸಿ ನೋಡುವುದಿಲ್ಲ. ನನಗೆ ಮುಖ್ಯವೆನಿಸುವುದು ಅದೇ. ವಾಂಗ್–ಯು ಸೋತು ಎರಡನೇ ಸ್ಥಾನಕ್ಕೆ ಇಳಿದರಲ್ಲ, ಅದರಿಂದಾಗಿ ಬೇರೊಂದು ಗುಂಪಿನಲ್ಲಿ ಗೆದ್ದವರು ಕ್ವಾರ್ಟರ್‌ಫೈನಲ್‌ನಲ್ಲೇ ಅವರ ಎದುರು ನಿಲ್ಲಬೇಕಾಯಿತು. ಆ ಗುಂಪಿನ ಕೊನೆಯ ಪಂದ್ಯ ಕೊರಿಯಾದ ಮತ್ತೊಂದು ಜೋಡಿಗೂ ಇಂಡೋನೇಷ್ಯಾದ ಗ್ರೇಸಿಯಾ ಪೊಲಿ–ಮೆಲಿಯಾನಾ ಜೌಹಾರಿ ಜೋಡಿಗೂ ನಡುವೆ. ಅಲ್ಲಿಯೂ ಅದೇ ನಾಟಕ. ರೆಫರಿ ಕಪ್ಪು ಕಾರ್ಡ್ ತೋರಿಸಿ, ಆಕ್ಷೇಪ ಬಂದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಒಬ್ಬರು ಬೇಕೆಂದು ಸೋತ ಕೂಡಲೇ ಮುಂದಿನ ಪಂದ್ಯದವರಿಗೂ ಸೋಲುವುದೇ ಜಾಣತನವಾಗಿಬಿಟ್ಟಿತು. ಮರುದಿನ ವಿಶ್ವ ಫೆಡರೇಷನ್ ಎಂಟೂ ಆಟಗಾರ್ತಿಯರನ್ನು ಅನರ್ಹಗೊಳಿಸಿತು. ಹೊರಿಸಿದ ಆರೋಪಗಳಲ್ಲಿ ಮೊದಲನೆಯದು, ಗೆಲ್ಲಲು ತಮ್ಮ ಕೈಲಾದಷ್ಟೂ ಪ್ರಯತ್ನಿಸಲಿಲ್ಲ ಎಂಬುದು.

ಅದೇ ಸ್ಪರ್ಧೆಯಲ್ಲಿ ನಮ್ಮ ಕೊಡಗಿನ ಹುಡುಗಿಯೂ ಇದ್ದಳು. ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಒಂದು ವರ್ಷದ ಹಿಂದೆ ಇದೇ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದಿದ್ದವರು. ಒಲಿಂಪಿಕ್ಸ್‌ನಲ್ಲಿ ಮೊದಲು ಜಪಾನಿನ ಫುಜಿ–ಕಾಕಿಇವಾ ಎದುರು ಸೋತರು. ಆಮೇಲೆ ಚೈನೀಸ್ ತೈಪೆಯವರನ್ನು 25-23, 16-21, 21-18ರಲ್ಲಿ ಮಣಿಸಿದರು. ಆ ಮೊದಲ ಗೇಮಿನ 25-23 ಒಂದೇ ಸಾಕು, ಒಂದೊಂದು ಪಾಯಿಂಟ್‌ಗೂ ಅವರು ಎಷ್ಟು ಬೆವರು ಹರಿಸಿದ್ದರು ಎಂದು ತಿಳಿಯಲು. ಸಿಂಗಪುರವನ್ನೂ ಸೋಲಿಸಿದರು. ಅಷ್ಟರಲ್ಲಿ ತೈಪೆ ಜೋಡಿ ಜಪಾನನ್ನು ನೇರ ಗೇಮ್‌ಗಳಲ್ಲಿ ಸೋಲಿಸಿತು. ಮೂರು ಜೋಡಿಗಳಿಗೂ ಎರಡೆರಡು ಗೆಲುವು. ಲೆಕ್ಕ ಹಾಕಿದಾಗ ಭಾರತ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಹೊರಬಿತ್ತು.

ಭಾರತ ತಂಡ ಜಪಾನ್–ತೈಪೆ ಪಂದ್ಯದ ವಿಚಾರಣೆ ಆಗಬೇಕೆಂದು ದೂರು ಕೊಟ್ಟಿತು. ಮನ್ನಣೆ ಸಿಗಲಿಲ್ಲ. ಜಪಾನ್ ಜೋಡಿ ಬೇಕೆಂದು ಸೋತಿತೆಂದು ಯಾರೂ ಸಾಬೀತು ಮಾಡಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ತೈಪೆಯ ಚೆಂಗ್ ವೆನ್‌ಶಿಂಗ್–ಚಿಯೆನ್ ಯುಚಿನ್ ಯಾರನ್ನು ಬೇಕಾದರೂ ಸೋಲಿಸಬಲ್ಲ ಅನುಭವಿಗಳು. ಜಪಾನಿನವರು ಮುಂದೆ ಚೆನ್ನಾಗಿ ಆಡಿಯೇ ಬೆಳ್ಳಿ ಗೆದ್ದರು. ಆದರೂ ಆ ಸ್ಕೋರಿನ ಮೇಲೆ ಅನುಮಾನದ ನೆರಳು ಬಿತ್ತು, ಇವತ್ತಿಗೂ ಹೋಗಿಲ್ಲ. ನಾಲ್ಕು ಜೋಡಿಗಳು ಆಟ ಕೆಡಿಸಿದ್ದರಿಂದ, ನಿಯತ್ತಾಗಿ ಸೋತವರೂ ಉತ್ತರ ಹೇಳಬೇಕಾಯಿತು. ಅಶ್ವಿನಿಯ ಒಂದು ಪಾಯಿಂಟ್ ನನ್ನನ್ನು ಈಗಲೂ ಚುಚ್ಚುವುದು ಅದಕ್ಕೇ. ಅದು ಸರಿಯಾದ ಲೆಕ್ಕವೇ ಆಗಿದ್ದರೂ ಅದನ್ನು ನಂಬಿ ಸಮಾಧಾನಪಡುವ ಹಕ್ಕನ್ನು ಆಕೆಯಿಂದ ಕಸಿದುಕೊಂಡರು.

ಆಗ ಕ್ರೀಡಾ ಪಂಡಿತರ ಒಂದು ಬಣ ಹೇಳಿದ್ದು, ಈಗಲೂ ಹೇಳುತ್ತಿರುವುದು: ತಪ್ಪು ಆಟಗಾರರದಲ್ಲ, ಡ್ರಾ ಮಾಡಿದವರದು; ಗುರಿ ಪದಕವೇ ಹೊರತು ಪಂದ್ಯವಲ್ಲ. ಅರ್ಧ ಮಾತು ಒಪ್ಪುತ್ತೇನೆ. ಡ್ರಾ ಕೆಟ್ಟದಾಗಿತ್ತು. ಫೆಡರೇಷನ್ ಆಮೇಲೆ ಅದನ್ನು ತಿದ್ದಿತು: ಗುಂಪಿನಲ್ಲಿ ಎರಡನೆಯವರಾದವರಿಗೆ ಮತ್ತೆ ಚೀಟಿ ಎತ್ತುವ ಪದ್ಧತಿ ತಂದಿತು, ಸೋತರೆ ಯಾರು ಸಿಗುತ್ತಾರೆಂದು ಮೊದಲೇ ಗೊತ್ತಾಗದ ಹಾಗೆ. ಆದರೆ ನಿಯಮದಲ್ಲಿ ಕಿಂಡಿ ಇತ್ತೆನ್ನುವುದು ಅದರಲ್ಲಿ ನುಸುಳಿದವನಿಗೆ ರಕ್ಷೆಯಾಗುವುದು ಹೇಗೆ?

ಈ ಬಣದವರಿಗೆ ನಾನು ಯಾವಾಗಲೂ ಹೇಳುವುದು 1979ರ ಕಥೆ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನ ಬೆನ್ಸನ್ ಅಂಡ್ ಹೆಜಸ್ ಕಪ್, ವೂಸ್ಟರ್ ಮೈದಾನ, ಮೇ 24. ಸಾಮರ್‌ಸೆಟ್ ಸೋತರೂ ಮುಂದಿನ ಸುತ್ತಿಗೆ ಹೋಗುತ್ತಿತ್ತು, ಬೌಲಿಂಗ್ ಸ್ಟ್ರೈಕ್ ರೇಟ್ ಕೆಡಬಾರದು, ಅಷ್ಟೇ. ನಾಯಕ ಬ್ರಯಾನ್ ರೋಸ್ ಒಂದೇ ಓವರ್ ಬ್ಯಾಟ್ ಮಾಡಿಸಿ, ನೋಬಾಲ್‌ನಿಂದ ಬಂದ ಒಂದು ರನ್ನಿಗೆ ಡಿಕ್ಲೇರ್ ಮಾಡಿಬಿಟ್ಟರು. ವೂಸ್ಟರ್‌ಷೈರ್ ಹತ್ತು ಎಸೆತಗಳಲ್ಲಿ ಎರಡು ರನ್ ಹೊಡೆದು ಗೆದ್ದಿತು. ನಿಯಮದಲ್ಲಿ ಒಂದಕ್ಷರವೂ ಅದನ್ನು ತಡೆಯುತ್ತಿರಲಿಲ್ಲ. ಆದರೂ ಕೌಂಟಿ ಕ್ರಿಕೆಟ್ ಮಂಡಳಿ ಸಭೆ ಸೇರಿ 17-1 ಮತಗಳಿಂದ ಸಾಮರ್‌ಸೆಟ್ಟನ್ನು ಕಪ್‌ನಿಂದ ಹೊರಹಾಕಿತು. ಒಂದು ದಿನದ ಪಂದ್ಯದಲ್ಲಿ ಡಿಕ್ಲೇರ್ ಮಾಡಬಾರದೆಂಬ ನಿಯಮ ಬಂದದ್ದು ಆಮೇಲೆ. ನಿಯಮ ಸುಮ್ಮನಿದ್ದರೂ ಆಟಕ್ಕೆ ತನ್ನ ಮಾನ ಗೊತ್ತಿರುತ್ತದೆಂದು ಆ ಹದಿನೇಳು ಮತ ಹಾಕಿದವರು ತೋರಿಸಿದರು. ನನಗೆ ಅವರ ಮೇಲೆ ಗೌರವ.

ಇಂಥ ತಂತ್ರ ಕೊನೆಗೆ ತಿರುಗುಬಾಣವಾಗುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. 1998ರ ಟೈಗರ್ ಕಪ್‌ನಲ್ಲಿ ವಿಯೆಟ್ನಾಮಿನಿಂದ ತಪ್ಪಿಸಿಕೊಳ್ಳಲು ಇಂಡೋನೇಷ್ಯಾದ ಆಟಗಾರ ಥಾಯ್ಲೆಂಡ್ ವಿರುದ್ಧ ಸ್ವಂತ ಗೋಲಿಗೇ ಚೆಂಡು ಹೊಡೆದ. ಸೆಮಿಫೈನಲ್‌ನಲ್ಲಿ ಎರಡೂ ತಂಡಗಳು ಮಣ್ಣುಮುಕ್ಕಿದವು. ಸರಿ. ಆದರೆ 1982ರ ವಿಶ್ವಕಪ್? ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಹತ್ತನೇ ನಿಮಿಷದಲ್ಲಿ ಗೋಲು ಹೊಡೆದ ಮೇಲೆ ಅದೂ ಆಸ್ಟ್ರಿಯಾವೂ ಚೆಂಡನ್ನು ಅತ್ತಿಂದಿತ್ತ ತಳ್ಳುತ್ತಾ ಕಾಲ ಕಳೆದವು, ಇಬ್ಬರಿಗೂ ಆ 1-0 ಸಾಕಾಗಿತ್ತು. ಜರ್ಮನಿ ಫೈನಲ್‌ವರೆಗೂ ಹೋಯಿತು. ಅದೇ ಜರ್ಮನಿಯನ್ನು 2-1ರಲ್ಲಿ ಸೋಲಿಸಿದ್ದ ಅಲ್ಜೀರಿಯಾ ಮನೆಗೆ ಹೋಯಿತು. ತಂತ್ರ ಫಲಿಸಿತು. ಫಲಿಸಿದ್ದಕ್ಕೇ ಅದು ಇನ್ನೂ ಕೆಟ್ಟದು. ಇಂಥ ಕಡೆ ಬೆಲೆ ತೆತ್ತವರು ಆ ಹೊತ್ತಿಗೆ ಮೈದಾನದಲ್ಲೇ ಇಲ್ಲದ ಮೂರನೆಯವರು. ಅವರ ಕೈಯಲ್ಲಿ ರ್‍ಯಾಕೆಟ್ ಇಲ್ಲ, ಕಾಲಿನಲ್ಲಿ ಚೆಂಡಿಲ್ಲ, ತಮ್ಮನ್ನು ತಾವು ಉಳಿಸಿಕೊಳ್ಳುವ ದಾರಿಯೇ ಇಲ್ಲ. ಇಬ್ಬರು ಆಡುವ ಪಂದ್ಯದ ಮೇಲೆ ಮೂರನೆಯವನ ಭವಿಷ್ಯ ನಿಂತಿರುವುದು, ಆ ಇಬ್ಬರೂ ಗೆಲ್ಲಲು ನೋಡುತ್ತಾರೆಂಬ ನಂಬಿಕೆಯ ಮೇಲೆ ಮಾತ್ರ.

ಇನ್ನು ನ್ಯೂಜೆರ್ಸಿಗೆ ಬರೋಣ. ನಿಜವಾದ ಮೈದಾನದಲ್ಲಿ ಆಟಗಾರನಿಗೆ ಮೈಯಿದೆ. ಮೊಣಕಾಲು ನೋವು, ನಾಳೆ ಮತ್ತೆ ಪಂದ್ಯ, ಹೊಸಬರಿಗೊಂದು ಅವಕಾಶ: ದುರ್ಬಲ ತಂಡ ಇಳಿಸಲು ಮರ್ಯಾದಸ್ಥ ಕಾರಣಗಳು ಎಷ್ಟೋ ಇವೆ. ಪ್ಲೇಆಫ್ ಖಚಿತವಾದ ಎನ್‌ಎಫ್‌ಎಲ್ ತಂಡ ಕೊನೆಯ ವಾರ ತನ್ನ ಕ್ವಾರ್ಟರ್‌ಬ್ಯಾಕ್‌ಗೆ ವಿಶ್ರಾಂತಿ ಕೊಟ್ಟರೆ ನಾನು ತಕರಾರು ತೆಗೆಯುವುದಿಲ್ಲ. ಫ್ಯಾಂಟಸಿ ಲೀಗಿನಲ್ಲಿ ದಣಿಯುವ ಮೈ ಯಾವುದು? ಮೊಬೈಲ್ ಮೇಲೆ ಬೆರಳಾಡಿಸುವುದಕ್ಕೆ ವಿಶ್ರಾಂತಿ ಬೇಕಿಲ್ಲ. ಅಲ್ಲಿ ಯಜಮಾನ ಆಡುವ ಆಟ ಒಂದೇ, ವಾರಕ್ಕೊಮ್ಮೆ ತನಗೆ ತೋಚಿದ ಅತ್ಯುತ್ತಮ ಪಟ್ಟಿ ಹಾಕುವುದು. ಅದನ್ನೇ ಬಿಟ್ಟರೆ ಆಡಲು ಉಳಿದಿರುವುದಾದರೂ ಏನು? ಛೀ ಎನ್ನಲು ಅಲ್ಲಿ ಪ್ರೇಕ್ಷಕರೂ ಇಲ್ಲ, ಹನ್ನೊಂದು ಜನ ಸ್ನೇಹಿತರಷ್ಟೇ.

ಮುಂದಿನ ಸೀಸನ್‌ಗೆ ನನ್ನ ಸಲಹೆ: ಮೊದಲ ಐದು ಸ್ಥಾನಗಳನ್ನು ಗೆಲುವಿನ ಲೆಕ್ಕದಲ್ಲಿ ಕೊಡಿ, ಆರನೆಯದನ್ನು ಉಳಿದವರಲ್ಲಿ ಇಡೀ ಸೀಸನ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಕೊಡಿ. ಎಷ್ಟೋ ಲೀಗ್‌ಗಳು ಹಾಗೆಯೇ ಮಾಡುತ್ತವೆ. ಆಗ ಒಂದು ಪಂದ್ಯ ಬಿಟ್ಟುಕೊಟ್ಟು ಬಲಿಷ್ಠ ತಂಡವನ್ನು ಹೊರದೂಡುವುದು ಸುಲಭವಲ್ಲ. ಸೆಮಿಫೈನಲ್ ಎದುರಾಳಿಯನ್ನು ಆರಿಸಿಕೊಳ್ಳುವ ಹಕ್ಕನ್ನು ಅಗ್ರಸ್ಥಾನಿಗೆ ಬಹಿರಂಗವಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ಸುಲಭದ ಎದುರಾಳಿ ಬೇಕೆಂದರೆ ಮೊದಲು ಗೆದ್ದು ಮೇಲೆ ಬರಲಿ.

ಈ ಸೀಸನ್‌ಗೆ? ವೆಂಬ್ಲಿಯಲ್ಲಿ ಕೆಟ್ಟ ಪಂದ್ಯವನ್ನು ಮತ್ತೆ ಆಡಿಸಲು ಬರುತ್ತಿರಲಿಲ್ಲ. ಯು ಯಾಂಗ್ ಮನಸಿಟ್ಟು ಆಡಿದ್ದರೆ ಸ್ಕೋರ್ ಏನಾಗುತ್ತಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಫ್ಯಾಂಟಸಿ ಲೀಗಿನಲ್ಲಿ ಗೊತ್ತಾಗುತ್ತದೆ. ಬೆಂಚಿನಲ್ಲಿ ಕೂರಿಸಿದ ಕ್ವಾರ್ಟರ್‌ಬ್ಯಾಕ್ ಆ ಭಾನುವಾರ ನಿಜವಾಗಿ ಆಡಿದ್ದಾನೆ, ಅವನ ಪಾಯಿಂಟ್ ಪರದೆಯ ಮೇಲೆ ಹಾಗೇ ಇದೆ. ಲೀಗಿನ ಕಮಿಷನರ್ ಬೇರೆ ಯಾವ ಆಯ್ಕೆಯನ್ನೂ ಕೆದಕದೆ, ಪಂದ್ಯವೇ ಇಲ್ಲದವನನ್ನು ಹಾಕಿದ ಆ ಒಂದು ಜಾಗಕ್ಕೆ ಬೆಂಚಿನವನ ಪಾಯಿಂಟ್ ಸೇರಿಸಿ ಕೂಡಿಸಲಿ. ಮೊತ್ತ ಎದುರಾಳಿಯದನ್ನು ದಾಟಿದರೆ ಫಲಿತಾಂಶ ತಿದ್ದಿ, 15ನೇ ವಾರದ ಮೊದಲ ಪಂದ್ಯ ಶುರುವಾಗುವ ಮುನ್ನ ಆರನೆಯವನನ್ನು ಅವನ ಜಾಗಕ್ಕೆ ವಾಪಸ್ ಕರೆಯಲಿ.